ಭಂಡಾರ ಮುಟ್ಟಿಸಿದಾಕೆ

ಹರಪನಹಳ್ಳಿಯ ಎಪಿಎಂಸಿ ಯಾರ್ಡಿನ ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ನಡುವೆ ಆಕೆಯ ಫೋಟೋ, ಹಿಂದೆ ಗುಲಾಬಿ ಬಣ್ಣದ ಮೋಡ, ಕೆಳಗೆ ‘ನ್ಯಾಯಕ್ಕಾಗಿ ಹೆತ್ತ ಮಗನನ್ನೇ ಬಿಟ್ಟುಕೊಟ್ಟ ಮಹಾತಾಯಿಗೆ ಕಣ್ಣೀರಿನ ವಿದಾಯ’ ಎಂಬ ಸಾಲು. ಬದುಕಿದ್ದಾಗ ಆಕೆಯ ಎದುರು ನಿಂತು ಮಾತಾಡಲು ಹೆದರುತ್ತಿದ್ದ ದಲ್ಲಾಳಿಗಳೆಲ್ಲ ಫೋಟೋದ ಸುತ್ತ ಸಣ್ಣ ಸಣ್ಣ ವೃತ್ತಗಳಲ್ಲಿ ಕೈಮುಗಿದು ನಿಂತಿದ್ದಾರೆ. ನಾನು ಪಾಠ ಮಾಡುವ ಕಾಲೇಜಿಗೆ ಹೋಗುವಾಗ ಅದನ್ನು ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಬಹಳ ವರ್ಷ ಆಕೆಯ ಎದುರು ಮನೆಯಲ್ಲಿದ್ದು, ಬೆಳಗ್ಗೆ ಬಾಗಿಲು ತೆಗೆದರೆ ಆಕೆಯ ಮುಖವನ್ನೇ ನೋಡುತ್ತಿದ್ದವಳು ನಾನು. ಮಹಾತಾಯಿ ಎಂಬ ಮಾತು ಕಿವಿಗೆ ಬಿದ್ದಿದ್ದರೆ ಬರೆಸಿದವನನ್ನು ಕರೆಸಿ, ಬಿಸಿಲಲ್ಲಿ ನಿಲ್ಲಿಸಿ, ನೀರಿಳಿಸಿ ಕಳಿಸುತ್ತಿದ್ದಳು.

ಆಕೆಯ ಹೆಸರನ್ನು ನಾನು ಬರೆಯುವುದಿಲ್ಲ. ಆಕೆಯ ಹೆಸರು ಬರೆದರೆ ಮಗನ ಹೆಸರು ಗೊತ್ತಾಗುತ್ತದೆ. ಮಗನ ಹೆಸರು ಗೊತ್ತಾದರೆ ಅವನ ಕೇಸಿನಲ್ಲಿದ್ದ ಹುಡುಗಿ ಯಾರೆಂದು ಊರು ಬೆರಳು ಮಾಡಿ ತೋರಿಸುತ್ತದೆ. ಹುಡುಗಿಯ ಗುರುತು ಬಿಟ್ಟುಕೊಡಬಾರದೆಂದು ಕಾನೂನೇ ಇದೆ. ಫ್ಲೆಕ್ಸ್ ಕಟ್ಟಿದವರಿಗೆ ಆ ಯೋಚನೆ ಬಂದಿಲ್ಲ. ಯಾರ್ಡಿನವರು ಆಕೆಯನ್ನು ಸಾವ್ಕಾರ್ತಿ ಅನ್ನುತ್ತಿದ್ದರು. ನನಗೂ ಅಷ್ಟು ಸಾಕು.

ಗಂಡ ಸತ್ತ ಮೇಲೆ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯನ್ನು ಆಕೆಯೇ ನಡೆಸಿದಳು. ಆ ಯಾರ್ಡಿನಲ್ಲಿ ಗಾದಿಯ ಮೇಲೆ ಕೂತ ಹೆಂಗಸು ಆಕೆಯೊಬ್ಬಳೇ. ತೇವ ನೋಡುವ ಮಷೀನು ಎಲ್ಲರ ಅಂಗಡಿಗೂ ಬಂದ ಮೇಲೂ ಆಕೆ ಹಲ್ಲನ್ನೇ ನಂಬುತ್ತಿದ್ದಳು. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ನಾಲ್ಕು ಕಾಳು ತೆಗೆದು ಕಟಕ್ಕನೆ ಕಡಿಯುವಳು. ಒಣಗಿದ್ದರೆ ಏನೂ ಅನ್ನದೆ ಮುಂದಕ್ಕೆ ಹೋಗುವಳು. ಹಸಿಯಿದ್ದರೆ ತಂದವನ ಕಾಲ ಹತ್ತಿರ ಉಗುಳುವಳು. ಒಮ್ಮೆ ನೀಲಗುಂದದ ಕಡೆಯ ರೈತನೊಬ್ಬ, ಹೆಂಡತಿಯನ್ನೂ ಕರೆದುಕೊಂಡು ಟ್ರ್ಯಾಕ್ಟರಿನಲ್ಲಿ ಮಾಲು ತಂದಿದ್ದ. 

“ಬಿಸಲಾಗ ಒಣಗಿಸೇ ತಂದೀನ್ರಿ ಅಮ್ಮಾರ,” ಅಂದ. 

“ಒಣಗಿಸಿ ತಂದೀಯೋ, ತೊಳದು ತಂದೀಯೋ? ನನ್ನ ಹಲ್ಲು ಇನ್ನಾ ಉದುರಿಲ್ಲ.” 

ಅಷ್ಟಕ್ಕೇ ಬಿಡಲಿಲ್ಲ. ಇಡೀ ಮಾಲನ್ನು ಯಾರ್ಡಿನ ಕಾಂಕ್ರೀಟಿನ ಮೇಲೆ ಹರವಿಸಿ, ಕಾಯಲು ಅವನ ಹೆಂಡತಿಯನ್ನೇ ಬಿಸಿಲಲ್ಲಿ ಕೂರಿಸಿದಳು. ಹೋಗಿ ಬರುವವರೆಲ್ಲ ಆ ಹೆಂಗಸನ್ನು ನೋಡಿ ಹೋದರು. ಸಂಜೆ ಮಾಲು ತೂಗಿಸಿದಾಗ ತೂಕದಲ್ಲಿ ಒಂದು ಹಿಡಿ ಹೆಚ್ಚುಕಮ್ಮಿ ಮಾಡಲಿಲ್ಲ. ಅದಕ್ಕೇ ಬೈಸಿಕೊಂಡವರು ಮರುವರ್ಷ ಮತ್ತೆ ಆಕೆಯ ಅಂಗಡಿಗೇ ಬರುತ್ತಿದ್ದರು, ‘ಬಾಯಿ ಕೆಟ್ಟದ್ದು, ತಕ್ಕಡಿ ಚಲೋದು’ ಅನ್ನುತ್ತಿದ್ದರು.

ಮನೆಯ ಹಿಂದಿನ ಎರಡು ಕೋಣೆಗಳನ್ನು ಆಕೆ ಬಾಡಿಗೆಗೆ ಕೊಟ್ಟಿದ್ದಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಒಬ್ಬಳೇ ಮಗಳು. ಅವರ ಗೋಡೆಯ ಮೇಲೆ ಅಂಬೇಡ್ಕರರದ್ದೂ ಬುದ್ಧನದ್ದೂ ಫೋಟೋ ಇದ್ದವು. ಬೇರೆ ಬೀದಿಗಳಲ್ಲಿ ಅವರಿಗೆ ಮನೆ ಸಿಗದಿದ್ದಾಗ ಸಾವ್ಕಾರ್ತಿ ಕೊಟ್ಟಳು, ಅದನ್ನು ದಿನಕ್ಕೊಂದು ಸಲ ನೆನಪಿಸುತ್ತಲೂ ಇದ್ದಳು. ನಲ್ಲಿಯಲ್ಲಿ ಮೊದಲು ಆಕೆಯ ಕೊಡ ತುಂಬಬೇಕು. ಅವರು ಹಿಡಿದುಕೊಂಡು ಹೋದ ಮೇಲೆ ನಲ್ಲಿಗೆ ಹುಣಸೇಹಣ್ಣು ಹಚ್ಚಿ ತಿಕ್ಕಿಸುತ್ತಿದ್ದಳು. ಒಮ್ಮೆ ಜ್ವರ ಬಂದು ಮಲಗಿದಾಗ ಮಾತ್ರ ಅದೇ ನರ್ಸಿನ ಕೈಯಲ್ಲಿ ಇಂಜೆಕ್ಷನ್ ಮಾಡಿಸಿಕೊಂಡಳು. ‘ನಿನ್ನ ಕೈ ಭಾಳ ಹಗರ ಐತಿ’ ಅಂತ ಹೊಗಳಿದಳು. ನರ್ಸು ಅಂಗಳ ದಾಟುವ ಮೊದಲೇ ಸಾವ್ಕಾರ್ತಿ ಎದ್ದು ತಲೆಗೆ ನೀರು ಹಾಕಿಕೊಂಡಳು. 

“ಜ್ವರ ಇಳಸಾಕ ನಾನು ಹೋದ್ರ, ನನ್ನ ತೊಳಕಣಾಕ ಹೋಗಿ ಮತ್ತ ಜ್ವರ ತರಸ್ಕಂಡ್ರು ನೋಡ್ರಿ ಮೇಡಂ,” ಎಂದು ನರ್ಸು ನನ್ನ ಬಾಗಿಲಲ್ಲಿ ನಿಂತು ನಕ್ಕಿದ್ದಳು. ನಗದೆ ಇನ್ನೇನು ಮಾಡಬೇಕಿತ್ತು.

ಮಗನ ವಿಷಯದಲ್ಲೂ ಆಕೆಯ ಕೈ ಸುಮ್ಮನಿರುತ್ತಿರಲಿಲ್ಲ. ಮೀಸೆ ಬಂದು ಮದುವೆಯ ವಯಸ್ಸಾದ ಗಂಡಸನ್ನು ಹಮಾಲರ ಎದುರಿಗೇ ಕಪಾಳಕ್ಕೆ ಹೊಡೆದದ್ದನ್ನು ನಾನೇ ನೋಡಿದ್ದೇನೆ. ಮಾಲು ಒಳಗಿಡದೆ ಮಳೆಗೆ ನೆನೆಸಿದ್ದ ಅಂತ. ಅವನು ಕೆನ್ನೆ ಸವರಿಕೊಂಡು ನಕ್ಕುಬಿಟ್ಟ. ಹೊಡೆತ ಮುಗಿದರೆ ಅಲ್ಲಿಗೆ ಲೆಕ್ಕ ತೀರಿತು ಎಂದು ಅವನು ಸಣ್ಣವನಿದ್ದಾಗಿನಿಂದ ಕಲಿತಿದ್ದ. ಮಧ್ಯಾಹ್ನ ಅದೇ ಕೈಯಿಂದ ಆಕೆ ಅವನ ರೊಟ್ಟಿಗೆ ಬೆಣ್ಣೆ ಇಡುತ್ತಿದ್ದಳು.

ಮುಂದಿನದನ್ನು ನಾನು ಕಂಡದ್ದಲ್ಲ, ಆಮೇಲೆ ನರ್ಸಿನ ಬಾಯಿಂದ ಕೇಳಿದ್ದು. ಹುಡುಗಿ ಆಗ ಹದಿನಾರು ತುಂಬಿ ನಮ್ಮ ಕಾಲೇಜಿಗೆ ಮೊದಲ ಪಿಯುಸಿಗೆ ಸೇರಿದ್ದಳು. ದೀಪಾವಳಿ ಆದ ಮೇಲೆ ಒಂದು ದಿನ, ತಂದೆ ತಾಯಿ ಇಬ್ಬರೂ ಡ್ಯೂಟಿಗೆ ಹೋಗಿದ್ದಾಗ, ಸಾವ್ಕಾರ್ತಿಯ ಮಗ ಹಿಂದಿನ ಕೋಣೆಗೆ ನುಗ್ಗಿ ಅವಳ ಮೇಲೆ ಅತ್ಯಾಚಾರ ಮಾಡಿದ. ಹುಡುಗಿ ತಾಯಿಗೆ ಹೇಳಿದಳು. ತಾಯಿ ಆಸ್ಪತ್ರೆಯಲ್ಲಿ ಇಂಥ ಎಷ್ಟೋ ಮಕ್ಕಳನ್ನು ಕಂಡವಳು, ಯಾವ ಕಾಯ್ದೆ, ಯಾರಿಗೆ ಫೋನು ಎಲ್ಲ ಗೊತ್ತಿದ್ದವಳು. ತನ್ನ ಮಗಳು ಎಂದಾದಾಗ ಗೊತ್ತಿದ್ದದ್ದೆಲ್ಲ ಮರೆತುಹೋಗಿ ಅಳುತ್ತಾ ಮುಂದಿನ ಬಾಗಿಲಿಗೆ ಓಡಿದಳು.

ಸಾವ್ಕಾರ್ತಿ ಮಗನನ್ನು ಹೊಡೆದಳು. ಕಸಬರಿಗೆ ಮುರಿಯುವವರೆಗೂ ಹೊಡೆದಳಂತೆ. ಆಮೇಲೆ ಯಾರ್ಡಿನ ಇಬ್ಬರು ಹಿರಿಯರನ್ನು ಮನೆಗೆ ಕರೆಸಿ ಬಾಗಿಲು ಹಾಕಿದಳು. ಆಕೆಯ ಮನೆದೇವರು ಹಡಗಲಿ ಸೀಮೆಯ ಮೈಲಾರಲಿಂಗ. ದೇವರ ಮುಂದಿನ ಅರಿಶಿನದ ಪುಡಿ, ಅಂದರೆ ಭಂಡಾರ, ಇಲ್ಲಿನವರಿಗೆ ಸಾಮಾನ್ಯದ್ದಲ್ಲ. ಅದನ್ನು ಮುಟ್ಟಿ ಆಣೆ ಮಾಡಿದವನು ಸುಳ್ಳಾಡಿದರೆ ಮನೆ ಉಳಿಯುವುದಿಲ್ಲ ಎಂಬ ನಂಬಿಕೆ. ಯಾರ್ಡಿನಲ್ಲಿ ಎಷ್ಟೋ ಜಗಳ ಸ್ಟೇಷನ್ನಿಗೆ ಹೋಗದೆ ಭಂಡಾರದಲ್ಲೇ ಮುಗಿಯುತ್ತವೆ. ಆಕೆ ಇದನ್ನೂ ಹಾಗೇ ಮುಗಿಸಿದಳು. ಭಂಡಾರದ ಚೀಲ ತಂದು ಮಗನ ಅಂಗೈಗೆ ಸುರಿದು, ಇನ್ನು ಆ ಹುಡುಗಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಹಿರಿಯರ ಎದುರು ಹೇಳಿಸಿದಳು. 

ಅವನದು ಮುಗಿದ ಮೇಲೆ ಹುಡುಗಿಯನ್ನು ಕರೆದಳು. 

“ನೀನೂ ಮುಟ್ಟು. ಈ ಮಾತು ಈ ಹೊಸ್ತಿಲ ದಾಟಂಗಿಲ್ಲ ಅನ್ನು.” 

ಹುಡುಗಿ ತಾಯಿಯ ಮುಖ ನೋಡಿದಳು, ತಾಯಿ ನೆಲ ನೋಡಿದಳು. ಹುಡುಗಿ ಮುಟ್ಟಿದಳು. ನಲ್ಲಿ ಮುಟ್ಟಿದರೆ ತಿಕ್ಕಿಸುತ್ತಿದ್ದವಳು ಅವತ್ತು ತನ್ನ ದೇವರ ಭಂಡಾರವನ್ನೇ ಆ ಹುಡುಗಿಯ ಕೈಗೆ ಕೊಟ್ಟಳು. ಆ ಹೆಂಗಸಿನ ಬುದ್ಧಿ ಎಂಥದ್ದಿತ್ತು ನೋಡಿ.

“ಭಂಡಾರ ಮುಟ್ಯಾನ, ಇನ್ನ ಅವನ ಕೈ ಏಳಂಗಿಲ್ಲ. ಹೋಗು, ನಿಶ್ಚಿಂತಿ ಇರು,” ಎಂದು ನರ್ಸಿಗೆ ಹೇಳಿ ಕಳಿಸಿದಳು. ಬಾಯಿಮಾತಿಗೆ ಹೇಳಿದ್ದಲ್ಲ, ಮನಸಾರೆ ನಂಬಿದ್ದಳು. ಮರುದಿನದಿಂದ ಎಂದಿನಂತೆ ಯಾರ್ಡಿಗೆ ಹೋಗಿ ಕಾಳು ಕಡಿಯತೊಡಗಿದಳು.

ಸಂಕ್ರಾಂತಿ ಕಳೆದ ಮೇಲೆ ಹುಡುಗಿ ಕ್ಲಾಸಿಗೆ ಬರುವುದು ಬಿಟ್ಟಳು. ಒಂದು ದಿನ ಲೈಬ್ರರಿಯ ಮೂಲೆಯಲ್ಲಿ ಸಿಕ್ಕಿದಾಗ ಕೂರಿಸಿಕೊಂಡು ಕೇಳಿದೆ.  

“ನಾನು ಹೇಳಂಗಿಲ್ಲ ಮೇಡಂ. ಭಂಡಾರ ಮುಟ್ಟೀನಿ.” 

“ಏನಂತ ಮುಟ್ಟೀಯವ್ವ?” 

“ಹೇಳಂಗಿಲ್ಲ ಅಂತ. ಅವನು ಮತ್ತ ಮಾಡಂಗಿಲ್ಲ ಅಂತ ಮುಟ್ಟಿದ್ದ.” 

ಅಷ್ಟರಲ್ಲೇ ನನಗೆ ಎಲ್ಲ ತಿಳಿದುಹೋಯಿತು. “ಅವನು ಮುರಿದ ಮ್ಯಾಲೆ ನಿಂದ್ಯಾಕ ಉಳೀತೈತಿ?” ಅಂದೆ. ಅವಳು ಕಿಟಕಿಯ ಕಡೆ ತಿರುಗಿ, ನನ್ನ ಮುಖ ನೋಡದೆ, ಎರಡೂ ಸಲದ್ದನ್ನು ಹೇಳಿದಳು. ಎರಡನೆಯ ಸಲ ಆದದ್ದನ್ನು ಅವಳು ತಾಯಿಗೂ ಹೇಳಿರಲಿಲ್ಲ. ಕೊಟ್ಟ ಮಾತನ್ನು ಆ ಮನೆಯಲ್ಲಿ ಉಳಿಸಿಕೊಂಡವಳು ಆ ಮಗುವೊಂದೇ.  ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಬಚ್ಚಿಟ್ಟರೆ ಅದೂ ಅಪರಾಧ ಎನ್ನುತ್ತದೆ ಪೋಕ್ಸೊ ಕಾಯ್ದೆ. ಕಾಯ್ದೆ ಇರದಿದ್ದರೂ ನಾನು ಹೋಗುತ್ತಿದ್ದೆ. ತಾಯಿಯನ್ನು ಕರೆಸಿಕೊಂಡು, ಮೂವರೂ ಕಾಲೇಜಿನಿಂದ ನೇರವಾಗಿ ಸ್ಟೇಷನ್ನಿಗೆ ಹೋದೆವು.

ಮಗನನ್ನು ಹಿಡಿದುಕೊಂಡು ಹೋದ ಸಂಜೆ ಸಾವ್ಕಾರ್ತಿ ನನ್ನ ಬಾಗಿಲಿಗೆ ಬಂದಳು. ಚಪ್ಪಲಿಯನ್ನು ನನ್ನ ಮೆಟ್ಟಿಲ ಕೆಳಗೆ ಬಿಟ್ಟಿದ್ದಳು. ಬೈಯುವುದಕ್ಕೆ ಬಂದಾಗಲೂ ಆ ಪದ್ಧತಿ ತಪ್ಪಿಸುವವಳಲ್ಲ. 

“ನನ್ನ ಮನಿ ಮಾತು ನಾನು ಮುಗಿಸಿದ್ದೆ. ದೇವರ ಮುಂದ ಮುಗಿದದ್ದನ್ನ ಅಗದು ತಗದು ಪೊಲೀಸರ ಕೈಗೆ ಕೊಟ್ಟೀಯಲ್ಲ, ಟೀಚರ, ನಿನಗ ಮಕ್ಕಳಿಲ್ಲಂತ ಮಂದಿ ಮಕ್ಕಳ ಮ್ಯಾಲೆ ಕಣ್ಣೇನು?” 

ನನಗೆ ಮಕ್ಕಳಿಲ್ಲ. ಎಲ್ಲಿ ಚುಚ್ಚಿದರೆ ನೋಯುತ್ತದೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ನಾನೂ ಚುಚ್ಚಿದೆ. 

“ಮುಗಿದಿಲ್ಲ ಅಮ್ಮಾರ. ಭಂಡಾರ ಮುಟ್ಟಿದ ಮ್ಯಾಲೆ ಮತ್ತ ಮಾಡ್ಯಾನ ನಿಮ್ಮ ಮಗ.” 

“ಯಾವಾಗ?” 

“ಸಂಕ್ರಾಂತಿ ಆದಮ್ಯಾಲೆ.” 

ಆಕೆಯ ಬಾಯಿ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೇಸು ಹಳೆಯದ್ದಕ್ಕೇ ಆಗಿದೆ ಎಂದುಕೊಂಡು ಬಂದಿದ್ದಳು.  ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ರಸ್ತೆ ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹುಡುಗಿಯ ಮನೆಯವರು ಆ ಕೋಣೆಗಳನ್ನು ಬಿಟ್ಟು ಹಡಗಲಿ ರಸ್ತೆಯ ಕಡೆ ಹೋದರು. ಕೇಸು ಜಿಲ್ಲಾ ಕೋರ್ಟಿಗೆ ಹೋಯಿತು. ಸರ್ಕಾರಿ ವಕೀಲರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಎರಡನೆಯ ಸಲದ್ದಕ್ಕೆ ವೈದ್ಯರ ವರದಿ ಇದೆ, ಅದು ನಿಲ್ಲುತ್ತದೆ. ಹುಡುಗಿಗೆ ಹದಿನಾರು ತುಂಬಿದ್ದರಿಂದ ಒಂದೇ ಸಲ ಎಂದಾದರೆ ಹತ್ತು ವರ್ಷಕ್ಕೆ ಮುಗಿಯಬಹುದು. ಒಂದಕ್ಕಿಂತ ಹೆಚ್ಚು ಸಲ ಎಂದು ಸಾಬೀತಾದರೆ ಅದು ಬೇರೆಯೇ ಕಲಮು, ಇಪ್ಪತ್ತು ವರ್ಷಕ್ಕೆ ಕಡಿಮೆ ಕೊಡುವಂತಿಲ್ಲ. ಮೊದಲನೆಯ ಸಲದ್ದಕ್ಕೆ ತಾಯಿ ಮಗಳ ಮಾತು ಬಿಟ್ಟರೆ ಇರುವುದು ಆ ಆಣೆಯೊಂದೇ. ಆಣೆ ಕಂಡವರು ಬಾಯಿಬಿಡಬೇಕು.

ಬಾಯಿಬಿಟ್ಟರೆ ಮುಚ್ಚಿಟ್ಟ ತಪ್ಪು ಅವರ ತಲೆಗೇ ಬರುತ್ತಿತ್ತು. ಇಬ್ಬರು ಹಿರಿಯರೂ ಕೋರ್ಟಿಗೆ ಬಂದು, ಆಣೆ ಆದದ್ದು ಹೌದು, ಹುಡುಗ ಅಂಗಡಿಯ ಮಾಲು ಕದ್ದು ಮಾರಿದ್ದಕ್ಕೆ ಆಗಿದ್ದು, ಹುಡುಗಿ ಅಲ್ಲಿ ಇರಲೇ ಇಲ್ಲ ಎಂದು ಹೇಳಿ ಹೋದರು. ಈಗ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿರುವವರಲ್ಲಿ ಅವರೂ ಇದ್ದಾರೆ. ಉಳಿದವಳು ಸಾವ್ಕಾರ್ತಿ. ಮಗನ ವಕೀಲ ಆಕೆಗೂ ಅದೇ ಪಾಠ ಹೇಳಿಕೊಟ್ಟಿದ್ದಾನೆಂದು ಯಾರ್ಡಿನ ತುಂಬ ಸುದ್ದಿ. ನರ್ಸು ಆಸೆ ಬಿಟ್ಟಿದ್ದಳು. ಹುಡುಗಿ ಆ ದಿನ ತಾನು ಬರುವುದಿಲ್ಲ ಎಂದಳು. “ನೀವು ಹೋಗ್ರಿ ಮೇಡಂ. ಆಕಿ ಒಂದು ಅಂತಾಳೋ ಎರಡು ಅಂತಾಳೋ, ಕೇಳಿಕೊಂಡು ಬರ್ರಿ.” ಇಂಥ ಕೇಸು ಬಾಗಿಲು ಹಾಕಿಕೊಂಡು ನಡೆಯುತ್ತದೆ. ಹುಡುಗಿ ನಂಬಿದ ವ್ಯಕ್ತಿ ಎಂದು ನ್ಯಾಯಾಧೀಶರು ನನ್ನನ್ನು ಒಳಗೆ ಕೂರಲು ಬಿಟ್ಟರು.

ಆಕೆ ಯಾರ್ಡಿಗೆ ಬರುವ ಇಳಕಲ್ ಸೀರೆಯಲ್ಲೇ ಬಂದಿದ್ದಳು. ಕಟಕಟೆಯಲ್ಲಿ ನಿಂತು ಮಗನ ಕಡೆ ಒಂದು ಸಲ ನೋಡಿದಳು, ರಾಶಿ ನೋಡುವ ಹಾಗೆಯೇ. ಸರ್ಕಾರಿ ವಕೀಲರು ಆಣೆ ಯಾತಕ್ಕೆ ಮಾಡಿಸಿದಿರಿ ಎಂದು ಕೇಳಿದರು. 

“ಹಿಂದಿನ ಮನಿ ಹುಡಿಗಿನ್ನ ಕೆಡಿಸಿದ್ದ. ಅದಕ್ಕ ಮಾಡಿಸಿದೆ.” 

ಮಗನ ವಕೀಲ ಎದ್ದುಬಿಟ್ಟ. ಅವನ ಸರದಿ ಬಂದಾಗ ಮೆತ್ತಗೆ, ಮನೆಯವರ ದನಿಯಲ್ಲಿ ಕೇಳಿದ. 

“ಅಮ್ಮಾರ, ಸರಿಯಾಗಿ ನೆನಪು ಮಾಡ್ಕೊಳ್ರಿ. ಮಾಲು ಕದ್ದದ್ದಕ್ಕ ಅಲ್ಲೇನ್ರಿ?” 

“ನನ್ನ ಅಂಗಡ್ಯಾಗ ಕದಿಯೋ ಧೈರ್ಯ ಅವಗಿಲ್ಲ.” 

“ಇದನ್ನ ಹೇಳಿದ್ರ ನೀವು ಮುಚ್ಚಿಟ್ಟಂಗ ಆಕ್ಕತಿ. ನಿಮ್ಮ ಮ್ಯಾಲೂ ಕೇಸ್ ಬೀಳ್ತೈತಿ. ಗೊತ್ತೈತೇನ್ರಿ?” 

“ಹಾಕ್ರಿ.” 

“ಅವ್ವಾ,” ಎಂದು ಮಗ ಕೂಗಿದ. ಗಂಡಸಿನ ದನಿಯಲ್ಲ, ಬಿದ್ದು ಮೊಣಕಾಲು ಕೆತ್ತಿಕೊಂಡ ಮಗುವಿನ ದನಿ.  ಆಕೆ ತಿರುಗಲಿಲ್ಲ. ನ್ಯಾಯಾಧೀಶರ ಕಡೆ ಮುಖ ಮಾಡಿಕೊಂಡೇ, “ಎರಡು ಸಲ ಬರಕೊಳ್ರಿ ಸಾಹೇಬ್ರ. ಒಂದು ಸಲ ನನ್ನ ಕೈಯಾಗ ಸಿಕ್ಕಿದ್ದ, ಬಿಟ್ಟೆ. ಎರಡನೇದು ನಿಮ್ಮ ಕೈಯಾಗ ಸಿಕ್ಯಾನ,” ಅಂದಳು.

ಹೊರಗೆ ಕಾರಿಡಾರಿನಲ್ಲಿ ನಾನು ಓಡಿಹೋಗಿ ಕೈಮುಗಿದೆ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳುವುದೇಕೆ. ಆಕೆ ಮುಗಿದ ಕೈಯನ್ನು ನೋಡಿ ಮುಖ ಸಿಂಡರಿಸಿದಳು. 

“ನಿನ್ನ ಹುಡಿಗಿ ಸಲುವಾಗಿ ಅಂತ ತಿಳ್ಕೋಬ್ಯಾಡ ಟೀಚರ. ಆಕಿಗೇನಾತು, ಬಿಡ್ತು, ನನಗ್ಯಾಕ. ನನ್ನ ದೇವರ ಭಂಡಾರ ಮುಟ್ಟಿ ಸುಳ್ಳಾಡ್ಯಾನ. ಅದಕ್ಕ ಹೇಳೀನಿ.” 

ಬಸ್ ಸ್ಟ್ಯಾಂಡಿನವರೆಗೂ ಅದೇ ರಸ್ತೆಯಲ್ಲಿ, ನನ್ನನ್ನು ಹಿಂದೆ ಬಿಟ್ಟು, ಸೆರಗು ಬಿಗಿದುಕೊಂಡು ನಡೆದಳು. ಎರಡು ಸಲ ಒಂದು ಹೆಣ್ಣುಮಗುವಿನ ಬದುಕು ಹರಿದದ್ದು ಆಕೆಗೆ ಕಾಣಲಿಲ್ಲ, ಒಂದು ಚಿಟಿಕೆ ಅರಿಶಿನ ಮೈಲಿಗೆಯಾದದ್ದು ಕಂಡಿತು. ಹಾಳಾಗಿ ಹೋಗು ಎಂದು ಮನಸ್ಸಿನಲ್ಲೇ ಬೈದೆ. ಬೈಯುತ್ತಲೇ, ಆಕೆ ಬಸ್ಸಿನ ಮೆಟ್ಟಿಲು ಹತ್ತುವಾಗ ಕೈ ಜಾರಿದ್ದು ಕಂಡು ಹಿಡಿಯಲು ಹೋದೆ. ಕೊಡವಿಕೊಂಡಳು.

ಮಗನಿಗೆ ಇಪ್ಪತ್ತು ವರ್ಷ ಶಿಕ್ಷೆಯಾಯಿತು. ಮುಚ್ಚಿಟ್ಟದ್ದಕ್ಕೆ ಆಕೆಯ ಮೇಲೂ ಬೇರೆ ಕೇಸು ಬಿತ್ತು, ಆಕೆ ಸಾಯುವವರೆಗೂ ಅದು ಮುಗಿಯಲಿಲ್ಲ. ಮಗನ ತೀರ್ಪು ಬಂದ ಮರುದಿನ ಆಕೆ ಎಂದಿನ ಹೊತ್ತಿಗೆ ಅಂಗಡಿ ತೆಗೆದಳು. ಮಗನ ಅಂಗಿ ಪ್ಯಾಂಟುಗಳನ್ನೆಲ್ಲ ಗಂಟು ಕಟ್ಟಿ ತಂದು ಹಮಾಲರಿಗೆ ಹಂಚಿದಳು. ಅವರು ಅವನ ಚೆಕ್ಸ್ ಅಂಗಿಗಳನ್ನೇ ಹಾಕಿಕೊಂಡು ಚೀಲ ಹೊರುತ್ತಿದ್ದರು. ಹಿಂದಿನಿಂದ ನೋಡಿದರೆ ಅವನೇ ಹೋದ ಹಾಗಿರುತ್ತಿತ್ತು. ಬೆವರಿಗೆ ಅಂಗಿ ಹರಿದರೆ ‘ಇನ್ನೊಂದು ಐತಿ, ತಗಂಡು ಹೋಗು’ ಅನ್ನುತ್ತಿದ್ದಳು. ಜೈಲಿಗೆ ಒಂದು ಸಲವೂ ಹೋಗಲಿಲ್ಲ. ಅವನಿಂದ ಫೋನು ಬಂದರೆ ಗುಮಾಸ್ತನ ಕೈಗೆ ಕೊಟ್ಟು, ‘ಸತ್ತಾಳ ಅಂತ ಹೇಳು’ ಅಂದು ಅಲ್ಲೇ ಕೂತು ಕೇಳುತ್ತಿದ್ದಳಂತೆ. ನೆಂಟರು ಬರುವುದು ಬಿಟ್ಟರು. ಕೊಟ್ಟೂರಿನಲ್ಲಿದ್ದ ಆಕೆಯ ತಮ್ಮ ತನ್ನ ಮಗಳ ಮದುವೆಗೆ ಕರೆಯಲಿಲ್ಲ. ಕರೆಯದಿದ್ದರೂ ಆಕೆ ಆ ಮದುವೆಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಊಟ ಮಾಡದೆ ಎದ್ದು ಬಂದಳು. ಕೊನೆಕೊನೆಗೆ ಹಲ್ಲುಗಳು ಅಲ್ಲಾಡುತ್ತಿದ್ದವು. ಆದರೂ ಕಾಳು ಕಡಿಯುವುದನ್ನು ಬಿಡಲಿಲ್ಲ, ವಸಡಿನಿಂದ ರಕ್ತ ಬಂದರೆ ಅದನ್ನೂ ರೈತನ ಕಾಲ ಹತ್ತಿರವೇ ಉಗುಳುತ್ತಿದ್ದಳು.

ಆಮೇಲಾಮೇಲೆ ಊರು ಆಕೆಯನ್ನು ಹೊಗಳತೊಡಗಿತು. ಇಂಥ ತಾಯಿ ಎಲ್ಲಿದ್ದಾಳೆ ಎಂದು ಬಸ್ಸಿನಲ್ಲಿ ಮಾತು, ನಮ್ಮ ಸ್ಟಾಫ್ ರೂಮಿನಲ್ಲೂ ಮಾತು. ನನ್ನ ಮೇಲೂ ಅದರ ಗಾಳಿ ಬೀಸಿರಬೇಕು. ಹೋದ ವಾರ, ಗಾದಿಯ ಮೇಲೆ ಕೂತಲ್ಲೇ ಆಕೆಯ ಪ್ರಾಣ ಹೋಯಿತೆಂದು ಗೊತ್ತಾದ ಬೆಳಿಗ್ಗೆ, ಮಣ್ಣಿಗೆ ಹೋಗಬೇಕೆಂದು ಸೀರೆ ಉಟ್ಟುಕೊಂಡು ತಯಾರಾದೆ. ಹೊರಡುವ ಮುಂಚೆ ಆ ಹುಡುಗಿಗೆ ಫೋನು ಮಾಡಿದೆ. ಅವಳೀಗ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ವಿಷಯ ಹೇಳಿದೆ.  ಅಷ್ಟಕ್ಕೇ ಬಿಡದೆ ನಾನೇ ಮುಂದುವರಿಸಿದೆ. “ಏನೇ ಇರಲಿ, ಕೋರ್ಟಿನ್ಯಾಗ ಎರಡು ಸಲ ಅಂತ ಅಂದದ್ದು ಆಕಿನ ಅಲ್ಲೇನವ್ವ. ಆಕಿ ಅನ್ನದಿದ್ರ ಅವನು ಅರ್ಧಕ್ಕ ಹೊರಗ ಬರ್ತಿದ್ದ.” 

“ಎರಡನೇ ಸಲ ಎಲ್ಲಿಂದ ಬಂತು ಮೇಡಂ?” 

ದನಿಯಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ತಿಳಿಯದ್ದನ್ನು ಕೇಳುವ ಹಾಗೆ ಕೇಳಿದಳು. ಆಮೇಲೆ ತಾನೇ ಬಿಡಿಸಿ ಹೇಳಿದಳು. 

“ಮೊದಲನೇ ಸಲ ಆದಾಗ ಆಕಿ ಅವನ್ನ ಸ್ಟೇಷನ್ನಿಗೆ ಕಳಿಸಿದ್ರ, ನನಗ ಎರಡನೇ ಸಲ ಅಂಬೋದ ಇರ್ತಿರಲಿಲ್ಲ. ಅವಗ ಬಿದ್ದ ಶಿಕ್ಷೆದಾಗ ಅರ್ಧ ಆಕೀದು ಮೇಡಂ. ಒಂದಿನಾನೂ ಒಳಗ ಕುಂದ್ರದ ಹೋದಳು.”